ನನ್ನ ಹೆಸರಿನ ಹೆಣ್ಣು ಜಿಂಕೆ

ನಮ್ಮ ಮನೆಯಲ್ಲಿ ದೇವರ ಮೂಲೆಯೂ ಕೋವಿಯ ಮೂಲೆಯೂ ಒಂದೇ ಆಗಿತ್ತು. ನ್ಯೂಜೆರ್ಸಿಯ ಪ್ಯಾಸಾಯಿಕ್‌ನಲ್ಲಿ ಮರದ ಎರಡಂತಸ್ತಿನ ಮನೆಯೊಂದರ ಮೇಲಿನ ಭಾಗ ನಮ್ಮದು. ಕೆಳಗೆ ಮನೆಯೊಡತಿ, ಪೋಲಿಷ್ ಮುದುಕಿ. ಹಿಂದಿನ ಮೆಟ್ಟಿಲು ಹತ್ತಿ ಬಂದರೆ ನೇರ ಅಡುಗೆಮನೆ, ಅದನ್ನು ದಾಟಿದರೆ ಹಾಲ್, ಹಾಲಿನ ಮೂಲೆಯಲ್ಲಿ ರೇಡಿಯೇಟರಿನ ಪಕ್ಕಕ್ಕೆ ಅಪ್ಪನೇ ಹೊಡೆದು ಕೂರಿಸಿದ ಒಂದು ಹಲಗೆ. ಅದರ ಮೇಲೆ ಕಾವೇರಿಯಮ್ಮನ ಪಟ, ತಾತನ ಫೋಟೋ, ಮೇಲಿನಿಂದ ಇಳಿಬಿಟ್ಟ ಹಿತ್ತಾಳೆಯ ತೂಗುದೀಪ. ಹಲಗೆಯ ಕೆಳಗೆ ಬೀಗ ಹಾಕಿದ ಉದ್ದನೆಯ ಕಬ್ಬಿಣದ ಬೀರು. ಬೀರುವಿನಲ್ಲಿ ಅಪ್ಪನ ಹನ್ನೆರಡು ಬೋರಿನ ಕೋವಿ, ನನಗೆಂದು ತಂದಿದ್ದ ಇಪ್ಪತ್ತು ಬೋರಿನ ಒಂಟಿ ನಳಿಗೆ, ಮೊಲ ಅಳಿಲು ಹೊಡೆಯಲು ಒಂದು ಪಾಯಿಂಟ್ ಟ್ವೆಂಟಿಟೂ. ಅವ್ವ ಸಂಜೆ ದೀಪ ಹಚ್ಚಿದಾಗ ಊದುಬತ್ತಿಯ ವಾಸನೆಯೂ ಕೋವಿಯೆಣ್ಣೆಯ ವಾಸನೆಯೂ ಒಂದರೊಳಗೊಂದು ಬೆರೆಯುತ್ತಿದ್ದವು. ಒಮ್ಮೆ ಅಪ್ಪನ ಕಾರ್ಖಾನೆಯ ಮೈಸೂರಿನ ಎಂಜಿನಿಯರೊಬ್ಬರು ಸಂಸಾರ ಸಮೇತ ಬಂದಿದ್ದರು. ಒಲೆಯ ಮೇಲೆ ಹಂದಿಮಾಂಸ ಕುದಿಯುತ್ತಿತ್ತು, ಅಪ್ಪ ದೇವರ ಮುಂದೆ ಕಾಲು ಚಾಚಿ ಕೂತು ಕೋವಿಯ ನಳಿಗೆ ಉಜ್ಜುತ್ತಿದ್ದರು. ಅವರ ಹೆಂಡತಿ ನೀರನ್ನು ಕೂಡ ಅರ್ಧ ಲೋಟ ಕುಡಿದು ಎದ್ದರು. ಮೆಟ್ಟಿಲಿಳಿಯುವಾಗ ಗಂಡನನ್ನು ಕೇಳಿದ್ದು ನನಗೆ ಕೇಳಿಸಿತು.

"ಇವರು ನಮ್ಮ ಪೈಕಿ ಜನಾನೇ ಏನ್ರೀ?"

ನಾವು ಕೊಡವರು. ಅಪ್ಪ ಸೈನ್ಯದ ವರ್ಕ್‌ಶಾಪಿನಲ್ಲಿ ಹತ್ತು ವರ್ಷ ದುಡಿದು, ಆಮೇಲೆ ಪಂಪು ತಯಾರಿಸುವ ಒಂದು ಕಾರ್ಖಾನೆಗೆ ನಕ್ಷೆ ಬರೆಯುವವರಾಗಿ ಇಲ್ಲಿಗೆ ಬಂದವರು. ನನಗಾಗ ಒಂಬತ್ತು ವರ್ಷ, ತಮ್ಮ ತಮ್ಮುವಿಗೆ ಐದು. ಅವ್ವ ಮೈಸೂರಿನಲ್ಲಿ ಬೆಳೆದವಳು, ಮಡಿಕೇರಿಯಲ್ಲಿ ಕನ್ನಡ ಟೀಚರ್ ಆಗಿದ್ದವಳು. ಮನೆಯಲ್ಲಿ ಅರ್ಧ ಕೊಡವ ತಕ್ಕ್, ಅರ್ಧ ಕನ್ನಡ. ಪ್ರತಿ ಶನಿವಾರ ಅಡುಗೆಮನೆಯ ಮೇಜಿನ ಮೇಲೆ ಎರಡು ಪುಟ ಕನ್ನಡ ಬರೆಯದೆ ನಮಗೆ ತಿಂಡಿ ಇರಲಿಲ್ಲ. ಹತ್ತನೆಯ ತರಗತಿಗೆ ಶಾಲೆ ಬಿಟ್ಟ ನಾನು ಇಂದು ಇಷ್ಟನ್ನು ಬರೆಯುತ್ತಿರುವುದು ಆ ಶನಿವಾರಗಳಿಂದಲೇ ಹೊರತು ಅಮೆರಿಕದ ಯಾವ ಶಾಲೆಯಿಂದಲೂ ಅಲ್ಲ. ತಮ್ಮು ಓದುವವನು. ನನಗೆ ಅಕ್ಷರಗಳು ಪುಟದ ಮೇಲೆ ನಿಲ್ಲುತ್ತಿರಲಿಲ್ಲ. ರಿಪೋರ್ಟ್ ಕಾರ್ಡ್ ಬಂದ ದಿನ ಅಪ್ಪ ಅದನ್ನು ಊಟದ ಮೇಜಿನ ಮೇಲಿಟ್ಟು, ಉಪ್ಪಿನ ಡಬ್ಬಿಯನ್ನು ಅದರ ಮೇಲೆ ಇಡುತ್ತಿದ್ದರು. ಊಟ ಮುಗಿಯುವವರೆಗೆ ಯಾರಿಗೆ ಉಪ್ಪು ಬೇಕಾದರೂ ನನ್ನ ಮಾರ್ಕು ಕಾಣಬೇಕು.

ಆದರೆ ನನಗೆ ಗುರಿ ಇತ್ತು. ಅಪ್ಪನ ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದ ರಾಲ್ಫ್ ಎಂಬಾತನಿಗೆ ಸಸೆಕ್ಸ್ ಕಡೆಯ ಗುಡ್ಡಗಳಲ್ಲಿ ಅಪ್ಪ-ತಾತಂದಿರ ಜಮೀನಿತ್ತು. ನ್ಯೂಜೆರ್ಸಿಯಲ್ಲಿ ಭಾನುವಾರ ಬೇಟೆ ಆಡುವಂತಿರಲಿಲ್ಲ. ಹಾಗಾಗಿ ಭಾನುವಾರಗಳಂದು ಆತನ ಹುಲ್ಲುಗಾವಲಿನಲ್ಲಿ ಯಂತ್ರದಿಂದ ಮಣ್ಣಿನ ಬಿಲ್ಲೆಗಳನ್ನು ಗಾಳಿಗೆ ಹಾರಿಸಿ ಹೊಡೆಯುತ್ತಿದ್ದೆವು. ಇಪ್ಪತ್ತೈದಕ್ಕೆ ಅಪ್ಪ ಹದಿನಾರು ಹೊಡೆದರೆ ಹೆಚ್ಚು. ಹದಿಮೂರನೆಯ ವಯಸ್ಸಿಗೆ ನಾನು ಇಪ್ಪತ್ತೆರಡು ಹೊಡೆಯುತ್ತಿದ್ದೆ. ರಾಲ್ಫ್ ತನ್ನ ಟೋಪಿ ತೆಗೆದು ನನ್ನ ತಲೆಗೆ ಇಡುತ್ತಿದ್ದ. ಅಪ್ಪ ಕಾರಿನಲ್ಲಿ ವಾಪಸು ಬರುವಾಗ ಮುಂದಿನ ಸೀಟು ನನಗೆ ಬಿಡಿಸಿ ಕೊಡುತ್ತಿದ್ದರು. ವಾರದ ಆರು ದಿನ ನಾನು ದಡ್ಡ, ಏಳನೆಯ ದಿನ ಮುಂದಿನ ಸೀಟಿನವನು. ಒಬ್ಬ ಹುಡುಗನಿಗೆ ಅಷ್ಟು ಸಾಕಾಗುತ್ತದೆ.

ಅಪ್ಪನಿಗೆ ಕೋವಿಯ ವಿಷಯದಲ್ಲಿ ಒಂದು ಹಳೆಯ ಗಾಯವಿತ್ತು. ಕೊಡಗಿನಲ್ಲಿ ನಮಗೆ ಕೋವಿಗೆ ಲೈಸೆನ್ಸೇ ಬೇಡ. ಇಲ್ಲಿ ಬಂದ ಮೇಲೆ ಪೊಲೀಸ್ ಸ್ಟೇಷನ್ನಿಗೆ ಹೋಗಿ, ಹತ್ತೂ ಬೆರಳಿಗೆ ಮಸಿ ಹಚ್ಚಿಸಿಕೊಂಡು, ಕೋವಿ ಇಟ್ಟುಕೊಳ್ಳುವ ಕಾರ್ಡಿಗಾಗಿ ತಿಂಗಳುಗಟ್ಟಲೆ ಕಾದಿದ್ದರು. "ಕಳ್ಳನ ಹಾಗೆ ನಿಲ್ಲಿಸಿದ್ರು" ಎಂದು ಎಷ್ಟು ಸಲ ಹೇಳಿದ್ದರೋ. ಇನ್ನೊಂದು ಗಾಯವೂ ಇತ್ತು. ತಾತ ಊರಿಗೇ ಹೆಸರಾದ ಬೇಟೆಗಾರ. ಅಪ್ಪ ಐದು ವರ್ಷ ಸಸೆಕ್ಸ್ ಗುಡ್ಡ ಹತ್ತಿಯೂ ಒಂದು ಜಿಂಕೆ ಹೊಡೆದಿರಲಿಲ್ಲ. ಇದನ್ನು ಮರೆಯಲು ಬಿಡದಿದ್ದವರು ನಂಜಪ್ಪ ಅಂಕಲ್. ಅವರು ಕ್ವೀನ್ಸ್‌ನ ಆಸ್ಪತ್ರೆಯೊಂದರಲ್ಲಿ ಡಾಕ್ಟರು, ಜ್ಯಾಕ್ಸನ್ ಹೈಟ್ಸ್‌ನಲ್ಲಿ ಮನೆ. ನಮ್ಮ ಕಡೆಯ ನಾಲ್ಕೈದು ಕುಟುಂಬಗಳಿಗೆ ಅವರೇ ಹಿರಿಯರು. ಕಾರು ಕೊಳ್ಳುವುದಾದರೂ, ಮಗುವಿಗೆ ಹೆಸರಿಡುವುದಾದರೂ ಅವರನ್ನು ಕೇಳಬೇಕು. ಒಂದೇ ವರ್ಷದಲ್ಲಿ ಎರಡು ಗಂಡು ಜಿಂಕೆ ಹೊಡೆದಿದ್ದರು, ಎರಡರ ಕೊಂಬನ್ನೂ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ತೂಗುಹಾಕಿದ್ದರು.

"ಕಾವೇರಪ್ಪ," ಎನ್ನುತ್ತಿದ್ದರು ಅಪ್ಪನಿಗೆ, "ನೀನು ಕಾಡಿಗೆ ಹೋಗೋದು ಜಿಂಕೆಗಳಿಗೆ ವ್ಯಾಯಾಮ ಆಗ್ಲಿ ಅಂತಾನೋ?"

ಅಪ್ಪ ನಗುತ್ತಿದ್ದರು. ಮನೆಗೆ ಬಂದ ಮೇಲೆ ಎರಡು ದಿನ ಯಾರೊಂದಿಗೂ ಮಾತಾಡುತ್ತಿರಲಿಲ್ಲ.

ವರ್ಷದಲ್ಲಿ ಎಲ್ಲರೂ ನಮ್ಮ ಮನೆಗೆ ಬರುತ್ತಿದ್ದುದು ಕೈಲ್‌ಮುಹೂರ್ತಕ್ಕೆ. ಸೆಪ್ಟೆಂಬರ್ ಮೊದಲ ವಾರ, ಕೋವಿ ಕತ್ತಿಗಳಿಗೆ ಪೂಜೆ ಮಾಡುವ ಹಬ್ಬ. ಅವ್ವ ಹಿಂದಿನ ಪೋರ್ಚಿನಲ್ಲಿ ಕಾಫಿ ಡಬ್ಬಗಳಲ್ಲಿ ಬೆಳೆಸಿದ ಚೆಂಡುಹೂ ಕಿತ್ತು ಒಂದೊಂದು ಕೋವಿಯ ಬಾಯಿಗೂ ಸಿಕ್ಕಿಸುತ್ತಿದ್ದಳು. ಹಿಂದಿನ ದಿನವೇ ಅಕ್ಕಿ ತರಿ ಒಡೆದು ಕಡುಬು ಕಟ್ಟಿ, ಪೋಲಿಷ್ ಕಟುಕನ ಅಂಗಡಿಯಿಂದ ತಂದ ಹಂದಿಯ ಭುಜಕ್ಕೆ ಊರಿನ ಕಪ್ಪು ಹುಳಿ ಬಿಟ್ಟು ಬೇಯಿಸುತ್ತಿದ್ದಳು. ಕೆಳಗಿನ ಮುದುಕಿ ಆ ಒಂದು ದಿನ ಮಾತ್ರ ವಾಸನೆಯ ಬಗ್ಗೆ ದೂರುತ್ತಿರಲಿಲ್ಲ, ತಟ್ಟೆ ಹಿಡಿದೇ ಮೇಲೆ ಬರುತ್ತಿದ್ದಳು. ದೀಪದ ಮುಂದೆ ಅಕ್ಕಿ ಹಾಕಿ ಕೈಮುಗಿದ ಮೇಲೆ ಮನೆಯ ಯಜಮಾನ ಒಂದೊಂದೇ ಕೋವಿ ಎತ್ತಿ ಕಿರಿಯರ ಕೈಗೆ ಕೊಡಬೇಕು. ಕೊಡುವಾಗ ಒಂದು ಮಾತು ಹೇಳಬೇಕು: ಜಗಳ ಹುಡುಕಿಕೊಂಡು ಹೋಗಬೇಡ, ಜಗಳ ಬಂದರೆ ಬೆನ್ನು ತೋರಿಸಬೇಡ, ಅಂಥದ್ದು. ಕಿರಿಯ ಅವರ ಕಾಲು ಮುಟ್ಟಿ ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು. ಆಮೇಲೆ ರಾಲ್ಫ್‌ನ ಹುಲ್ಲುಗಾವಲಿಗೆ ಹೋಗಿ, ಪೋರ್ಟೊರಿಕೋದವರ ಅಂಗಡಿಯಿಂದ ತಂದ ತೆಂಗಿನಕಾಯಿಯನ್ನು ಮೇಪಲ್ ಮರಕ್ಕೆ ಕಟ್ಟಿ ಗುರಿ ಹೊಡೆಯುವುದು. ನನಗೆ ಹದಿಮೂರಾದ ವರ್ಷ ಅಪ್ಪ ಮೊದಲ ಬಾರಿ ಇಪ್ಪತ್ತು ಬೋರನ್ನು ನನ್ನ ಕೈಗಿಟ್ಟರು. ಮರುವರ್ಷವೂ ಇಟ್ಟರು. ತಮ್ಮ ಹನ್ನೆರಡು ಬೋರನ್ನು ಮಾತ್ರ ಯಾರ ಕೈಗೂ ಕೊಡುತ್ತಿರಲಿಲ್ಲ. ಅವ್ವ ಗುಡಿಸುವಾಗ ಅದನ್ನು ಸರಿಸುವಂತೆಯೂ ಇರಲಿಲ್ಲ. ನನಗೊಂದು ದಿನ ಅದು ತಾನಾಗಿ ಬರುತ್ತದೆ ಎಂದು ನನಗೆ ಗೊತ್ತಿತ್ತು, ಹಿರಿಯ ಮಗ ಎನ್ನುವವನಿಗೆ ಗೊತ್ತಿರುವ ಹಾಗೆ.

ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ. ನನಗೆ ಹದಿನಾಲ್ಕು. ಜಿಂಕೆಯ ಸೀಸನ್ ಆರೇ ದಿನ, ಹೊಡೆಯಬೇಕಾದ್ದು ಕೊಂಬಿರುವ ಗಂಡನ್ನು ಮಾತ್ರ. ಹೆಣ್ಣಿಗೆ ಹೊಡೆದರೆ ಕೇಸು. ಅಪ್ಪನ ಕಾನೂನೂ ಅದೇ ಆಗಿತ್ತು. ಹೆಣ್ಣಿಗೆ ಗುಂಡಿಡುವವನು ಬೇಟೆಗಾರನೇ ಅಲ್ಲ, ಕಟುಕ ಎನ್ನುತ್ತಿದ್ದರು. ಆ ಬೆಳಿಗ್ಗೆ ತೆಳ್ಳಗೆ ಹಿಮ ಬಿದ್ದಿತ್ತು. ರಾಲ್ಫ್ ಮತ್ತು ಅವನ ತಮ್ಮ ಕೆಳಗಿನ ಜೌಗಿನಿಂದ ಕಾಡು ಸೋಯುತ್ತಾ, ಕೂಗಿ ಜಿಂಕೆಗಳನ್ನು ಮೇಲಕ್ಕೆಬ್ಬಿಸುತ್ತಾ ಬರುವುದು, ಗುಡ್ಡದ ನೆತ್ತಿಯಲ್ಲಿ ನಂಜಪ್ಪ ಅಂಕಲ್, ನಡುವಿನ ಹಳೆಯ ಕಲ್ಲಿನ ಗೋಡೆಯ ಹತ್ತಿರ ಅಪ್ಪ ಮತ್ತು ನಾನು. ಹುಡುಗರು ದೊಡ್ಡವರ ಜೊತೆಯಲ್ಲೇ ನಿಲ್ಲಬೇಕೆಂಬುದು ಅಲ್ಲಿಯ ನಿಯಮ. ಬೆನ್ನಿಗೆ ಲೈಸೆನ್ಸಿನ ಕಾಗದ ಪಿನ್ ಮಾಡಿಕೊಂಡು, ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಒಂದು ಗಂಟೆ ಅಲ್ಲಾಡದೆ ನಿಂತಿದ್ದೆವು. ಅಪ್ಪನ ಉಸಿರು ಅವರ ಕನ್ನಡಕಕ್ಕೇ ಬಡಿದು ಗಾಜು ಮಂಜಾಗುತ್ತಿತ್ತು. ಒರೆಸಿಕೊಳ್ಳುತ್ತಿದ್ದರು, ಮತ್ತೆ ಮಂಜಾಗುತ್ತಿತ್ತು. ಕೆಳಗಿನಿಂದ ರಾಲ್ಫ್‌ನ ಕೂಗು ಕೇಳಿತು. ಪೊದೆ ಅಲುಗಾಡಿ ಎರಡು ಜಿಂಕೆ ಹೊರಬಂದು ನಿಂತವು. ನನಗೆ ಕಿವಿ ಕಂಡಿತು, ಕಣ್ಣು ಕಂಡಿತು. ಕೊಂಬಿರಲಿಲ್ಲ.

"ಅಪ್ಪ, ಎರಡೂ ಹೆಣ್ಣು..."

ಮಾತು ಮುಗಿಯುವ ಮೊದಲೇ ಹೊಡೆದರು. ಒಂದು ಜಿಂಕೆ ಗೋಡೆ ಹಾರಿ ಹೋಯಿತು, ಇನ್ನೊಂದು ಹಾರಲಿಲ್ಲ. ಅಪ್ಪ ಓಡಿಹೋಗಿ ಮಂಡಿಯೂರಿದರು. ಕೈಗವಸು ಕಿತ್ತು ಹಾಕಿ ಅದರ ಎರಡು ಕಿವಿಗಳ ನಡುವೆ ಬೆರಳಾಡಿಸಿದರು, ಕೊಂಬು ಚರ್ಮದ ಕೆಳಗೆಲ್ಲೋ ಅಡಗಿದೆ ಎನ್ನುವ ಹಾಗೆ. ಎಷ್ಟು ಹೊತ್ತು ಬೆರಳಾಡಿಸಿದರೋ. ಆಮೇಲೆ ತಲೆಯೆತ್ತಿ ನನ್ನ ಹಿಂದೆ ನೋಡಿದರು. ನಾನೂ ತಿರುಗಿದೆ. ರಸ್ತೆಯ ಕಡೆಯಿಂದ ಮರಗಳ ನಡುವೆ ಹಸಿರು ಜಾಕೆಟ್ಟಿನ ಒಬ್ಬ ಮನುಷ್ಯ ಬರುತ್ತಿದ್ದ. ಬೇಟೆಯ ಮೇಲೆ ನಿಗಾ ಇಡುವ ಆಫೀಸರು.

ಅಪ್ಪ ಎದ್ದು ಬಂದು ತಮ್ಮ ಹನ್ನೆರಡು ಬೋರನ್ನು ನನ್ನ ಕಡೆ ಚಾಚಿದರು.

"ಹಿಡಿ."

ಹಿಡಿದೆ. ನಳಿಗೆ ಇನ್ನೂ ಬೆಚ್ಚಗಿತ್ತು. ನನ್ನ ಕೋವಿಯನ್ನು ಅವರು ತೆಗೆದುಕೊಂಡರು.

"ಸಿಟಿಜನ್‌ಶಿಪ್ ಫೈಲು ಒಳಗಿದೆ. ಈಗ ಕೇಸ್ ಅಂತ ಬಂದ್ರೆ ನಾಲ್ಕೂ ಜನ ಊರಿಗೆ ವಾಪಸ್. ನೀನು ಹುಡುಗ, ನಿನಗೆ ಏನೂ ಮಾಡಲ್ಲ. ಅವನು ಕೇಳಿದ್ರೆ ಹೌದು ಅನ್ನು, ಒಂದೇ ಮಾತು. ಕಾಗದ ಕೈಗೆ ಬರ್ಲಿ, ಎಲ್ಲರ ಮುಂದೆ ನಾನೇ ಹೇಳ್ತೀನಿ ಹೊಡೆದೋನು ನಾನು ಅಂತ."

ಆಫೀಸರು ಜಿಂಕೆಯನ್ನು ನೋಡಿದ, ನನ್ನ ಕೈಯಲ್ಲಿದ್ದ ಕೋವಿಯನ್ನು ಇಸಿದುಕೊಂಡು ಮೂಸಿ ನೋಡಿದ. ಅಪ್ಪ ತಾವಾಗಿಯೇ ಹೇಳಿದರು: ಮಗ, ಚಿಕ್ಕವನು, ದೊಡ್ಡ ಕೋವಿ ಬೇಕೆಂದು ಹಟ ಮಾಡಿದ, ತಪ್ಪು ಮಾಡಿದ. ಆಫೀಸರು ಅಪ್ಪನ ಮುಖವನ್ನು ಬಹಳ ಹೊತ್ತು ನೋಡಿದ. ನನಗಿಂತ ಆ ಕೋವಿ ಒಂದಿಷ್ಟೇ ಗಿಡ್ಡವಿತ್ತು. ಅವನಿಗೆ ತಿಳಿಯಿತೆಂದೇ ನನಗೆ ಇಂದಿಗೂ ಅನಿಸುತ್ತದೆ. ಆದರೆ ಕೇಳಿದ್ದು ನನ್ನನ್ನೇ.

"ನೀನೇ ಹೊಡೆದೆಯಾ, ಮಗೂ?"

"ಎಸ್, ಸರ್," ಎಂದೆ.

ಕಾಗದ ಬರೆದ, ನಾನು ಸಹಿ ಹಾಕಿದೆ. ನನ್ನ ಬೆನ್ನ ಮೇಲಿನ ಲೈಸೆನ್ಸನ್ನು ಪಿನ್ ಬಿಚ್ಚಿ ತೆಗೆದುಕೊಂಡ. ಎರಡು ವರ್ಷ ಬೇಟೆ ಇಲ್ಲ ಎಂದ. ಅಷ್ಟರಲ್ಲಿ ನಂಜಪ್ಪ ಅಂಕಲ್ ಗುಡ್ಡ ಇಳಿದು ಬಂದರು. ಜಿಂಕೆಯ ಹೊಟ್ಟೆಯ ಕಡೆ ನೋಡಿ, ನನ್ನ ಕಡೆ ನೋಡಿ, ಶಿಳ್ಳೆ ಹಾಕಿದರು.

"ಏನೋ ಸುಬ್ಬು, ಹೆಂಗಸರ ಮೇಲೆ ಕೈ ಮಾಡಿದ್ಯಾ? ನಿಮ್ಮ ತಾತ ಕೇಳಿದ್ರೆ ಸಮಾಧಿಯಲ್ಲೇ ಎದ್ದು ಕೂತ್ಕೋತಿದ್ರು!"

ಅಪ್ಪ ಕನ್ನಡಕ ಒರೆಸಿಕೊಂಡರು. ಕೊನೆಗೆ ಬಂದವನು ರಾಲ್ಫ್. ಅವನಿಗೆ ನಾನು ಮಣ್ಣಿನ ಬಿಲ್ಲೆ ಹೊಡೆಯುವುದು ಗೊತ್ತು, ಅಪ್ಪ ಹೊಡೆಯುವುದೂ ಗೊತ್ತು. ನೇರ ನನ್ನ ಹತ್ತಿರ ಬಂದು ಕಿವಿಯಲ್ಲಿ ಹೇಳಿದ.

"ಮೂವತ್ತು ಗಜದಲ್ಲಿ ಕೊಂಬಿದೆಯೋ ಇಲ್ಲವೋ ಕಾಣದ ಹುಡುಗ ನೀನಲ್ಲ."

ಆ ಸೀಸನ್ನಿನ ಮೇಲೆ ಅವನು ಅಪ್ಪನನ್ನು ಜಿಂಕೆ ಬೇಟೆಗೆ ಕರೆಯಲೇ ಇಲ್ಲ. ಹಬ್ಬಕ್ಕೆ ಹುಲ್ಲುಗಾವಲು ಕೇಳಿದರೆ ಮಾತ್ರ ಇಲ್ಲವೆನ್ನುತ್ತಿರಲಿಲ್ಲ.

ಮನೆಗೆ ಬಂದು ಅಡುಗೆಮನೆಯ ಮೇಜಿಗೆ ಹಳೆಯ ಪೇಪರು ಹಾಸಿ ಕೋವಿ ಒರೆಸುವುದು ನಮ್ಮ ಪದ್ಧತಿ. ಅಪ್ಪ ಅಂದು ತಮ್ಮ ಕೋವಿಯನ್ನು ತಾವೇ ಒರೆಸಿದರು, ನನ್ನದನ್ನೂ ತಾವೇ ಒರೆಸಿದರು. ನಡೆದದ್ದನ್ನು, ಅಂದರೆ ನಡೆದದ್ದೆಂದು ಇನ್ನು ಮೇಲೆ ಹೇಳಬೇಕಾದದ್ದನ್ನು, ಅವ್ವನಿಗೆ ಹೇಳಿದರು. ಅವ್ವ ಸಾರು ಕುದಿಯಲು ಬಿಟ್ಟು ಹತ್ತಿರ ಬಂದು ನಿಂತಳು.

"ಇಷ್ಟು ವರ್ಷಕ್ಕೆ ಆ ಕೋವೀನ ನಾನು ಗುಡಿಸೋವಾಗ ಸರಿಸಿದ್ರೂ ಕೂಗಾಡಿದೋರು ನೀವು. ಇವನು ಕೇಳಿದ ತಕ್ಷಣ ಕೊಟ್ಟುಬಿಟ್ರಾ?"

"ಹಟ ಮಾಡಿದ. ಕೊಟ್ಟೆ."

"ಇವನು ಹಟ ಮಾಡೋ ಹುಡುಗನಾ?"

"ನಿನಗೇನು ಗೊತ್ತು ಕಾಡಿನ ವಿಷ್ಯ? ನೀನು ಅಲ್ಲಿದ್ಯಾ?"

ಅವ್ವ ನನ್ನ ಕಡೆ ತಿರುಗಿದಳು. ಟೀಚರಾಗಿದ್ದವಳ ನೋಟ ಅದು, ಉತ್ತರ ಗೊತ್ತಿದ್ದೇ ಪ್ರಶ್ನೆ ಕೇಳುವವರದು.

"ಯಾರೋ ಹೊಡೆದದ್ದು ಸುಬ್ಬು?"

"ನಾನೇ ಅವ್ವ."

ಅವಳು ಒಲೆಯ ಕಡೆ ಹೋದಳು. ಅವತ್ತು ನನಗೆ ಅವಳ ಮೇಲೂ ಸಿಟ್ಟು ಬಂತು, ಇನ್ನೊಂದು ಸಲ ಕೇಳಲಿಲ್ಲವಲ್ಲ ಎಂದು. ಎರಡನೆಯ ಸಲ ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ.

ಆ ಚಳಿಗಾಲವೆಲ್ಲ ಕಾದೆ. ನ್ಯೂಯಾರ್ಕ್, ಜೆರ್ಸಿ ಎರಡೂ ಕಡೆಯ ನಮ್ಮ ಮನೆಗಳಲ್ಲಿ ನನ್ನ ಹೆಸರು ಹೆಣ್ಣು ಜಿಂಕೆ ಎಂದಾಯಿತು. ನಂಜಪ್ಪ ಅಂಕಲ್ ಫೋನ್ ಮಾಡಿದರೆ, "ಹೆಣ್ಣು ಜಿಂಕೆ ಏನ್ಮಾಡ್ತಿದೆ?" ಎಂದೇ ಕೇಳುತ್ತಿದ್ದರು. ನನಗಿಂತ ಚಿಕ್ಕ ಹುಡುಗಿಯರು ನನ್ನನ್ನು ನೋಡಿ ಎರಡು ಬೆರಳನ್ನು ಕೊಂಬಿನ ಹಾಗೆ ಕಿವಿಯ ಮೇಲಿಟ್ಟುಕೊಂಡು ಇಲ್ಲ ಇಲ್ಲ ಎಂದು ತಲೆಯಾಡಿಸುತ್ತಿದ್ದರು. ನಾನು ತಡೆದುಕೊಂಡೆ. ಕಾಗದ ಬರಲಿ ಎನ್ನುವುದು ನನಗೂ ಅಪ್ಪನಿಗೂ ನಡುವಿನ ಮಾತು, ಮನೆಯಲ್ಲಿ ಬೇರೆ ಯಾರಿಗೂ ಇಲ್ಲದ್ದು. ಒಂದು ರೀತಿಯಲ್ಲಿ ಅದೇ ನನಗೆ ಹೊಸ ಮುಂದಿನ ಸೀಟಾಗಿತ್ತು. ಮೊದಮೊದಲು ನಂಜಪ್ಪ ಅಂಕಲ್ ಕಥೆ ತೆಗೆದಾಗ ಅಪ್ಪ ಮಾತು ತಿರುಗಿಸುತ್ತಿದ್ದರು. ಆಮೇಲೆ ಕಥೆ ಮುಗಿಯಲು ಬಿಡುತ್ತಿದ್ದರು. ಬೇಸಗೆಯ ಹೊತ್ತಿಗೆ ಯಾರಾದರೂ ಕೇಳಿದರೆ ತಾವೇ ಹೇಳತೊಡಗಿದರು. ಅದರಲ್ಲಿ ಮೂವತ್ತು ಗಜ ನಲವತ್ತಾಯಿತು, ಒಂದು ಒಣಗಿದ ರೆಂಬೆ ಬಂತು, ನಾನು ಅದನ್ನೇ ಕೊಂಬು ಎಂದುಕೊಂಡದ್ದು ಬಂತು. ಎಲ್ಲಿ ನಿಲ್ಲಿಸಿದರೆ ಜನ ನಗುತ್ತಾರೆ ಎನ್ನುವುದು ಅವರಿಗೆ ಗೊತ್ತಾಗತೊಡಗಿತ್ತು.

ಸಿಟಿಜನ್‌ಶಿಪ್ ಬಂತು. ಅಪ್ಪ ಜೆರ್ಸಿಯದೇ ನ್ಯೂಆರ್ಕ್ ಊರಿನ ಕೋರ್ಟಿನಲ್ಲಿ ಸೂಟು ಹಾಕಿ ಬಲಗೈ ಎತ್ತಿ ಪ್ರಮಾಣ ಮಾಡಿದರು. ನಾವು ಮೂವರೂ ಹಿಂದೆ ಕೂತಿದ್ದೆವು. ಅವತ್ತು ಹೇಳುತ್ತಾರೆ ಎಂದುಕೊಂಡೆ, ಹೇಳಲಿಲ್ಲ. ಒಂದು ಜಿಂಕೆಯ ದಂಡಕ್ಕೂ ಸಿಟಿಜನ್‌ಶಿಪ್ಪಿಗೂ ಯಾವ ಸಂಬಂಧವೂ ಇರಲಿಲ್ಲವೆಂದು ಬಹಳ ವರ್ಷಗಳ ಮೇಲೆ ಒಬ್ಬ ವಕೀಲರ ಮನೆಯ ಛಾವಣಿ ಹಾಕುವಾಗ ಕೇಳಿ ತಿಳಿದುಕೊಂಡೆ. ಅವರು ನಕ್ಕೇಬಿಟ್ಟರು. ನಾನು ಉಳಿದ ಅರ್ಧ ಛಾವಣಿಯನ್ನು ಊಟಕ್ಕೂ ಇಳಿಯದೆ ಮುಗಿಸಿದೆ.

ಆ ವರ್ಷದ ಕೈಲ್‌ಮುಹೂರ್ತಕ್ಕೆ ಎಲ್ಲರೂ ಬಂದಿದ್ದರು. ಅಪ್ಪ ಎಲ್ಲರ ಮುಂದೆ ಎಂದಿದ್ದರಲ್ಲ, ಎಲ್ಲರೂ ಸೇರುವುದು ಈ ದಿನವೇ, ಹಾಗಾಗಿಯೇ ಇಷ್ಟು ದಿನ ತಡೆದಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಬೆಳಿಗ್ಗೆ ಎದ್ದು ಕೂದಲು ನೀರು ಹಚ್ಚಿ ಬಾಚಿದ್ದೆ. ಹೂ ಮುಡಿದ ಮೂರು ಕೋವಿಗಳು ದೀಪದ ಮುಂದೆ ಸಾಲಾಗಿದ್ದವು. ಹದಿನೈದಿಪ್ಪತ್ತು ಜನ ಹಾಲಿನಲ್ಲಿ ಒತ್ತಿಕೊಂಡು ನಿಂತಿದ್ದರು. ಅಕ್ಕಿ ಹಾಕಿದ್ದಾಯಿತು. ಅಪ್ಪ ಇಪ್ಪತ್ತು ಬೋರನ್ನು ಎತ್ತಿಕೊಂಡು ತಿರುಗಿದರು. ನಾನು ಒಂದು ಹೆಜ್ಜೆ ಮುಂದೆ ಬಂದೆ.

"ಅಲ್ಲ ಕಾವೇರಪ್ಪ," ಎಂದರು ನಂಜಪ್ಪ ಅಂಕಲ್, "ಇವನ ಲೈಸೆನ್ಸೇ ಕಿತ್ಕೊಂಡಿದ್ದಾರೆ. ದೇವರ ಮುಂದೆ ಕೋವಿ ಕೊಟ್ರೆ ಸರಿ ಹೋಗುತ್ತಾ? ಕಾವೇರಮ್ಮನೂ ಹೆಣ್ಣೇ ಅಲ್ವಾ, ಭಯ ಬೀಳಲ್ವಾ!"

ಎಲ್ಲರೂ ನಕ್ಕರು. ಅವರು ತಮಾಷೆಗೆ ಅಂದದ್ದು. ಅಪ್ಪ ಒಂದು ಮಾತಿನಲ್ಲಿ ಮುಗಿಸಬಹುದಿತ್ತು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಆ ಮುಖದಲ್ಲಿ ಏನೋ ಬಂದು ಬಾಗಿಲ ಹತ್ತಿರ ನಿಂತು ಹಿಂದಿರುಗಿದ ಹಾಗಾಯಿತು. ಕತ್ತು ನೇರ ಮಾಡಿದರು, ಸೈನ್ಯದ ದನಿ ತಂದುಕೊಂಡರು.

"ಶಿಸ್ತು ಅಂದ್ರೆ ಶಿಸ್ತೇ. ಈ ವರ್ಷ ಇವನಿಗಿಲ್ಲ. ತಮ್ಮು, ಬಾ ಇಲ್ಲಿ."

ತಮ್ಮುವಿಗೆ ಹನ್ನೊಂದು. ಅವನು ನನ್ನನ್ನು ನೋಡಿದ, ಅಪ್ಪನನ್ನು ನೋಡಿದ.

"ಬಟ್ ಇಟ್ಸ್ ಹಿಸ್, ಡ್ಯಾಡ್."

"ಬಾ ಅಂದೆ."

ಅವನು ಕಾಲು ಮುಟ್ಟಿ ಎರಡು ಕೈಯಲ್ಲಿ ತೆಗೆದುಕೊಂಡ. ಅಪ್ಪ ಅವನಿಗೆ ಹೇಳಬೇಕಾದ ಮಾತು ಹೇಳಿದರು, ಒಂದು ಅಕ್ಷರ ತಪ್ಪದೆ. ನಾನು ಅಡುಗೆಮನೆಗೆ ಹೋಗಿ ಅವ್ವನ ಪಕ್ಕ ನಿಂತು ಎಲ್ಲರಿಗೂ ತಟ್ಟೆ ಜೋಡಿಸಿಕೊಟ್ಟೆ. ಕಡುಬು ಎತ್ತಿಡುವ ಅವಳ ಕೈ ಜೋರಾಗಿತ್ತು, ಎರಡು ಒಡೆದವು. ಮಧ್ಯಾಹ್ನ ಎಲ್ಲರೂ ತೆಂಗಿನಕಾಯಿ ಹೊಡೆಯಲು ಹೋದಾಗ ನಾನು ಹೋಗಲಿಲ್ಲ. ತಮ್ಮು ಮೂರು ಗುಂಡೂ ತಪ್ಪಿಸಿದನಂತೆ, ಕೋವಿಯ ಒದೆತಕ್ಕೆ ಬಿದ್ದು ಅತ್ತನಂತೆ.

ಕೋವಿ ಸಿಗದಿದ್ದುದನ್ನು ನಾನು ಸಹಿಸಿಕೊಳ್ಳುತ್ತಿದ್ದೆ. ಅಪ್ಪ ಆಫೀಸರನ ಮುಂದೆ ಸುಳ್ಳು ಹೇಳಿದ್ದನ್ನೂ ಸಹಿಸಿಕೊಂಡಿದ್ದೆ, ಭಯ ಎಲ್ಲರಿಗೂ ಇರುತ್ತದೆ. ಅದನ್ನು ದೀಪದ ಮುಂದೆಯೂ ನಡೆಸಿದರು, ಭಯವೇ ಇಲ್ಲದ ದಿನ ನಡೆಸಿದರು, ಒಂದು ನಗುವಿಗೆ ಹೆದರಿ ನಡೆಸಿದರು. ಆ ಮೇಲೆ ಆ ಮನೆಯಲ್ಲಿ ನನಗೆ ಯಾವ ಪಾಠವೂ ಹತ್ತಲಿಲ್ಲ. ಶಾಲೆಗೆಂದು ಹೊರಟು, ರಾಲ್ಫ್‌ನ ತಮ್ಮ ಎಲ್ಲಿ ಮನೆಗಳ ಛಾವಣಿ ಹಾಕಿಸುತ್ತಿದ್ದಾನೋ ಅಲ್ಲಿಗೆ ಹೋಗುತ್ತಿದ್ದೆ. ಏಣಿಯ ಮೇಲೆ ಡಾಂಬರು ಬಳಿದ ಹಾಳೆಗಳ ಕಟ್ಟು ಹೊತ್ತು ಹತ್ತುವುದು, ಕೆಳಗಿನ ಸಾಲಿನ ಮೇಲೆ ಮೇಲಿನ ಸಾಲು ಬರುವ ಹಾಗೆ ಮೊಳೆ ಹೊಡೆಯುವುದು. ನನ್ನ ಕಣ್ಣಿನ ಅಳತೆ ಅಲ್ಲಿ ಕೆಲಸಕ್ಕೆ ಬಂತು. ದಾರ ಹಿಡಿಯದೆ ಸಾಲು ನೇರ ಕೂರಿಸುವವನು ನಾನೊಬ್ಬನೇ ಇದ್ದೆ. ಹದಿನಾರು ತುಂಬಿದ ವಾರ ಶಾಲೆ ಬಿಡುವ ಕಾಗದ ತಂದು ಅಪ್ಪನ ಮುಂದೆ ಇಟ್ಟೆ. ಅದಕ್ಕೆ ತಂದೆಯ ಸಹಿ ಬೇಕಿತ್ತು.

"ನಮ್ಮ ಮನೆತನದಲ್ಲಿ ಶಾಲೆ ಬಿಟ್ಟೋನು ಒಬ್ಬನಿಲ್ಲ. ನಾಲ್ಕು ಜನರ ಮುಂದೆ ನನ್ನ ಮುಖ ಏನಾಗ್ಬೇಕು? ಸಹಿ ಮಾಡಲ್ಲ. ಎದ್ದು ಹೋಗು."

ನಾನು ಎದ್ದು ಹೋಗಲಿಲ್ಲ. ಅವ್ವ ತಮ್ಮುವನ್ನು ಕರೆದುಕೊಂಡು ಅಂಗಡಿಗೆ ಹೋಗಿದ್ದಳು, ಮನೆಯಲ್ಲಿ ನಾವಿಬ್ಬರೇ.

"ನಿಮಗೋಸ್ಕರ ನಾನೊಂದು ಸಹಿ ಮಾಡಿದ್ದೀನಿ ಅಪ್ಪ."

ಎರಡು ವರ್ಷದಲ್ಲಿ ಅದರ ಬಗ್ಗೆ ನಮ್ಮಿಬ್ಬರ ನಡುವೆ ಬಂದ ಮಾತು ಅದೊಂದೇ. ಅವರು ಕಾಗದವನ್ನು ನೋಡುತ್ತಾ ಕೂತರು. ಪೆನ್ನಿನ ಮುಚ್ಚಳ ತೆಗೆದರು. ನಕ್ಷೆ ಬರೆಯುವ ಕೈ ಅದು, ಅಪ್ಪನ ಸಹಿ ಅಚ್ಚಿನ ಹಾಗಿರುತ್ತಿತ್ತು. ಅಂದು ಎಡಕ್ಕೆ ವಾಲಿತ್ತು.

ಕೆಲಸಕ್ಕೆ ನಾನು ಯಾವತ್ತೂ ನಾಚಿದವನಲ್ಲ. ಪ್ಯಾಸಾಯಿಕ್‌ನಿಂದ ಪೆನ್ಸಿಲ್ವೇನಿಯಾದ ಗಡಿಯವರೆಗೆ ನಾನು ಹಾಕಿದ ಛಾವಣಿಗಳ ಕೆಳಗೆ ಎಷ್ಟೋ ಡಾಕ್ಟರು, ಪ್ರೊಫೆಸರುಗಳು ಒದ್ದೆಯಾಗದೆ ಮಲಗಿದ್ದಾರೆ. ನನ್ನ ಸಂಕಟ ಬೇರೆ. ನನ್ನ ಹತ್ತಿರ ಇದ್ದದ್ದು ಒಂದೇ ಮಾತು, ಅದನ್ನು ಒಂದೇ ಸಲ ಖರ್ಚು ಮಾಡಬಹುದಿತ್ತು. ಎಲ್ಲರ ಮುಂದೆ ನಿಜ ಹೇಳಿ ಎಂದು ಕೇಳಬಹುದಿತ್ತು. ನಾನು ಒಂದು ಸಹಿ ಕೇಳಿದೆ. ಅವರು ಕೊಟ್ಟರು. ಅಲ್ಲಿಗೆ ನಾವಿಬ್ಬರೂ ಸರಿಸಮವಾದೆವೆಂದು ಅವರು ತಿಳಿದುಕೊಂಡಿರಬೇಕು. ನನಗದು ತಿಳಿದದ್ದು ಎರಡು ತಿಂಗಳಾದ ಮೇಲೆ, ನಂಜಪ್ಪ ಅಂಕಲ್ ಮನೆಯ ಪುತ್ತರಿ ಊಟದಲ್ಲಿ.

ಪುತ್ತರಿ ನಮಗೆ ಹೊಸ ಅಕ್ಕಿಯ ಹಬ್ಬ. ಕ್ವೀನ್ಸ್‌ನಲ್ಲಿ ಎಲ್ಲಿಯ ಕದಿರು, ಅಂಗಡಿಯ ಅಕ್ಕಿಯನ್ನೇ ಹೊಸದೆಂದುಕೊಂಡು ಪೂಜೆ. ಬಾಳೆಹಣ್ಣಿನ ತಂಬಿಟ್ಟಿನ ತಟ್ಟೆ ಹಿಡಿದು ಎಲ್ಲರೂ ಆ ಎರಡು ಕೊಂಬಿನ ತಲೆಗಳ ಕೆಳಗೆ ಕೂತಿದ್ದೆವು. ನನ್ನ ಉಗುರುಗಳಲ್ಲಿ ಛಾವಣಿಯ ಡಾಂಬರು, ಎಷ್ಟು ತೊಳೆದರೂ ಹೋಗಿರಲಿಲ್ಲ. ಆಗತಾನೆ ಊರಿಂದ ಬಂದಿದ್ದ ಗಂಡ ಹೆಂಡತಿ ಇಬ್ಬರು ನನ್ನನ್ನು ಕಾಲೇಜು ಯಾವುದು ಎಂದು ಕೇಳಿದರು. ಅಪ್ಪ ಕೆಮ್ಮಿದರು. ನ್ಯೂಯಾರ್ಕಿನ ಚಳಿಯ ಬಗ್ಗೆ ಏನೋ ಹೇಳಹೊರಟರು.

"ಅಯ್ಯೋ, ಇವನಾ!" ಎಂದರು ನಂಜಪ್ಪ ಅಂಕಲ್. "ಇವನ ಕಥೆ ನಿಮಗೆ ಗೊತ್ತಿಲ್ಲ. ಕಾವೇರಪ್ಪ, ಹೇಳೋ ಮಾರಾಯ ಆ ಹೆಣ್ಣು ಜಿಂಕೆ ಕಥೆ. ಇವರು ಹೊಸಬರು, ಕೇಳಿಲ್ಲ."

ಅಪ್ಪ ತಟ್ಟೆ ನೋಡಿದರು. ಅಷ್ಟು ಸಲ ಹೇಳಿದವರು ಅಂದು ಬಾಯಿ ತೆರೆಯಲಿಲ್ಲ. ಎಲ್ಲರೂ ಕಾಯುತ್ತಿದ್ದರು. ಅವ್ವ ಎದುರಿನ ಸೋಫಾದಿಂದ ನನ್ನನ್ನೇ ನೋಡುತ್ತಿದ್ದಳು. ಹೇಳು ಎನ್ನುವ ನೋಟವೋ, ಬೇಡ ಎನ್ನುವ ನೋಟವೋ, ನನಗೆ ಓದಲಾಗಲಿಲ್ಲ. ಅಪ್ಪನ ಹಣೆಯಲ್ಲಿ ಬೆವರಿತ್ತು. ಆ ಒಂದು ಗಳಿಗೆ ಅವರು ಪೂರ್ತಿ ನನ್ನ ಕೈಯಲ್ಲಿದ್ದರು, ನನಗದು ಗೊತ್ತಿತ್ತು. ಅವರಿಗೂ ಗೊತ್ತಿತ್ತು.

"ನಲವತ್ತು ಗಜ ಇತ್ತು ಅಂಕಲ್," ಎಂದೆ. "ಹಿಂದೆ ಒಣಗಿದ ರೆಂಬೆ ಇತ್ತು, ಅದನ್ನೇ ಕೊಂಬು ಅನ್ಕೊಂಡೆ. ಅಪ್ಪ ಬೇಡ ಬೇಡ ಅಂತ ತೋಳು ಹಿಡಿದ್ರು. ನಾನು ಕೇಳ್ಲಿಲ್ಲ."

ನಗು ಎದ್ದಿತು. ಹೊಸಬರ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ತೋಳು ಹಿಡಿದದ್ದು ಅಪ್ಪನ ಕಥೆಯಲ್ಲಿ ಅದುವರೆಗೆ ಇರಲೇ ಇಲ್ಲ, ನಾನೇ ಆ ಕ್ಷಣ ಸೇರಿಸಿದ್ದು. ಯಾಕೆ ಸೇರಿಸಿದೆನೋ ಇಂದಿಗೂ ಹೇಳಲಾರೆ. ಅಪ್ಪ ನಿಧಾನವಾಗಿ ತಲೆಯೆತ್ತಿದರು. ಅವರ ಮುಖಕ್ಕೆ ರಕ್ತ ವಾಪಸು ಬಂತು.

"ಹೂಂ ಮತ್ತೆ, ಹಿಡಿದೆ!" ಎಂದರು. "ಎಷ್ಟು ಹೇಳಿದ್ರೂ ಕೇಳ್ಲಿಲ್ಲ ಪುಂಡ."

ತಟ್ಟೆ ಕೆಳಗಿಟ್ಟು ನನ್ನ ಹತ್ತಿರ ಸರಿದು, ನೋಡಿ, ಇಲ್ಲಿ, ಹೀಗೆ ಹಿಡಿದಿದ್ದೆ ಎಂದು ಎಲ್ಲರಿಗೂ ಕಾಣುವ ಹಾಗೆ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದು ತೋರಿಸಿದರು.